ವಿಮೆಯಕ್ಕ ಓಡಿದ ದಿನ

ಪ್ಯೊ ಮಲ್ಸುನ್ ಓಡಿದ್ದನ್ನು ಯೊಸು ಪಟ್ಟಣದ ಒಣಮೀನಿನ ಮಾರುಕಟ್ಟೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಒಬ್ಬರೂ ಕಂಡಿರಲಿಲ್ಲ. ಮಳೆ ಸುರಿದರೂ ಅದೇ ನಡಿಗೆ, ಕಣ್ಣೆದುರೇ ಬಸ್ಸು ಹೊರಟರೂ ಅದೇ ನಡಿಗೆ. ಒಂದು ಹೆಜ್ಜೆ ಇಟ್ಟ ಮೇಲೆ ಮುಂದಿನದಕ್ಕೆ ನೆಲದ ಅಪ್ಪಣೆ ಕೇಳುವವಳಂತೆ ಕ್ಷಣಕಾಲ ತಡೆದು, ಎರಡು ಗಾಲಿಯ ಚೀಲವನ್ನು ಹಿಂದೆ ಎಳೆದು ಕಿರ್ರೆನ್ನಿಸುತ್ತ, ಎಡಬಲದ ಅಂಗಡಿಗಳಿಗೆಲ್ಲ ತಲೆದೂಗುತ್ತ ಆಕೆ ಸಾಗಿ ಬರುತ್ತಿದ್ದಳು. ಆ ಗಾಲಿಯ ಸದ್ದು ಮೀನಂಗಡಿ ಸಾಲಿನ ತುದಿಯಲ್ಲಿ ಕೇಳಿಸಿದ ಮೇಲೆ ಆಕೆ ನನ್ನ ಮುದ್ರೆಯಂಗಡಿಯನ್ನು ಮುಟ್ಟುವಷ್ಟರಲ್ಲಿ ನಾನು ಯಾರದಾದರೂ ಹೆಸರನ್ನು ಮರದ ಮೇಲೆ ಅರ್ಧ ಕೆತ್ತಿ ಮುಗಿಸಿರುತ್ತಿದ್ದೆ. ಕಂಪನಿಯವರು ಆಕೆಗೆ ದೊಡ್ಡ ಹುದ್ದೆಯ ಹೆಸರೇನೋ ಕೊಟ್ಟಿದ್ದರು. ಮಾರುಕಟ್ಟೆಗೆ ಮಾತ್ರ ಆಕೆ ವಿಮೆಯಕ್ಕ.

ಸಾಸಿವೆ ಬಣ್ಣದ, ಒಳಗೆ ಹತ್ತಿ ತುಂಬಿದ, ಹನ್ನೊಂದು ಜೇಬುಗಳ ಒಂದು ಕೋಟು ಆಕೆಯ ಮೈಮೇಲೆ ಸೆಪ್ಟೆಂಬರಿನಲ್ಲಿ ಏರಿದರೆ ಮೇ ತಿಂಗಳಿಗೆ ಇಳಿಯುತ್ತಿತ್ತು. ಒಂದು ಜೇಬಿನಲ್ಲಿ ಜಿನ್ಸೆಂಗ್ ಪೆಪ್ಪರಮಿಂಟು, ಅಲ್ಲೊಂದು ಇಲ್ಲೊಂದು ಎಂದು ಮೂರು ಕನ್ನಡಕ, ಎದೆಯ ಬಳಿಯ ಜೇಬಿನಲ್ಲಿ ಕೆಂಪು ರಟ್ಟಿನ ಪುಸ್ತಕ. ಆ ಪುಸ್ತಕದಲ್ಲಿ ಇಡೀ ಮಾರುಕಟ್ಟೆಯ ಹುಟ್ಟುಹಬ್ಬಗಳು ನಮ್ಮ ಹಿರಿಯರ ಚಾಂದ್ರಮಾನದ ಲೆಕ್ಕದಂತೆ ಸಾಲಾಗಿ ಕೂತಿದ್ದವು. ಆಯಾ ದಿನ ಬೆಳಗಾಗುವ ಮೊದಲೇ ಹುಟ್ಟುಹಬ್ಬದ ಸಾರಿಗೆಂದು ಒಂದು ಕಟ್ಟು ಒಣ ಕಡಲಸೊಪ್ಪು ಆಯಾ ಬಾಗಿಲಲ್ಲಿ ಇರುತ್ತಿತ್ತು. ಇನ್ನು ಆಕೆಯ ಮಾತು. ಪಾಲಿಸಿ ಮಾಡಿಸಲು ಬಂದಿರಲಿ, ಸತ್ತವರ ಮನೆಯಲ್ಲಿ ಕಾಗದ ಬಿಚ್ಚಲು ಕೂತಿರಲಿ, ಮೊದಲ ಪ್ರಶ್ನೆ ಒಂದೇ: "ಅದಿರ್ಲಿ, ಊಟ ಆಯ್ತಾ?" ಹೆಣದ ಮುಂದೆ ಕೂತವನಿಗೂ ಇದನ್ನೇ ಕೇಳುತ್ತಾಳಲ್ಲ ಎಂದು ನಾನು ಒಮ್ಮೆ ಒಳಗೊಳಗೇ ನಕ್ಕಿದ್ದೆ. ಆಮೇಲೆ ನನ್ನ ಹೆಂಡತಿ ತೀರಿಕೊಂಡಾಗ, ಎರಡು ದಿನದಿಂದ ನಾನು ಉಂಡಿಲ್ಲವೆಂಬುದು ಆಕೆ ಕೇಳಿದ ಮೇಲೆಯೇ ನನಗೆ ಗೊತ್ತಾಯಿತು.

ಇಷ್ಟು ಮೃದುವಾದ ಹೆಂಗಸು ಒಂದು ವಿಷಯದಲ್ಲಿ ಮಾತ್ರ ಕಲ್ಲು. ಅರ್ಜಿಯಲ್ಲಿ ಕಾಯಿಲೆಯ ಬಗ್ಗೆ ಇರುವ ಪ್ರಶ್ನೆಗಳನ್ನು ಆಕೆ ಬೀದಿಗೆ ಕೇಳುವಂತೆ ಗಟ್ಟಿಯಾಗಿ ಓದಬೇಕು, ನೀವು ಅಷ್ಟೇ ಗಟ್ಟಿಯಾಗಿ ಉತ್ತರಿಸಬೇಕು. ಪಿಸುಮಾತಿಗೆ, ಕಣ್ಸನ್ನೆಗೆ ಅವಕಾಶವಿಲ್ಲ. ಇದಕ್ಕೊಂದು ಹಿನ್ನೆಲೆಯಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸೋಯಾ ಹಾಲನ್ನು ಗಟ್ಟಿಸಿ ತೋಫು ಮಾಡಿ ಮಾರುವ ಒಬ್ಬಾತ ತಾನು ಪಿತ್ತಕೋಶಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದೇನೆಂದಾಗ "ಇಷ್ಟು ಸಣ್ಣದನ್ನ ಯಾಕೆ ಬರೀತೀರಿ, ಬಿಡಿ" ಎಂದುಬಿಟ್ಟಿದ್ದಳು. ಮೂರು ವರ್ಷಕ್ಕೆ ಆತ ಸತ್ತ. ಕಂಪನಿ ಆಸ್ಪತ್ರೆಯ ಕಡತ ತೆಗೆಸಿ ನೋಡಿ, ಹಣ ಕೊಡುವುದಿಲ್ಲವೆಂದು ಕೈ ಎತ್ತಿಬಿಟ್ಟಿತು. ಆತನ ವಿಧವೆ ಬೈಯಲಿಲ್ಲ, ಅಳಲಿಲ್ಲ. ಮಾರನೆಯ ಬೆಳಗ್ಗೆ ಎಂದಿನಂತೆ ಒಂದು ತುಂಡು ಬಿಸಿ ತೋಫುವನ್ನು ಮಲ್ಸುನ್ ಕೈಗಿಟ್ಟಳಂತೆ. "ಬೈದಿದ್ರೆ ಎಂದೋ ಮರೆತುಬಿಡ್ತಿದ್ದೆ ಸಾಹುಕಾರ್ರೆ, ಆ ತುಂಡು ಇನ್ನೂ ಗಂಟಲಲ್ಲೇ ಇದೆ" ಎಂದು ಆಕೆ ನನಗೆ ಹೇಳಿದ್ದು ಒಂದೇ ಸಲ. ಅಂದಿನಿಂದ ಆಕೆ ತೋಫು ಮುಟ್ಟಿಲ್ಲ.

ನನ್ನ ಎದುರಂಗಡಿಯಲ್ಲಿ ಒಣಮೀನು ಮಾರುವ ದೊಕ್ಸಿಮ್‌ಗೆ ಹೊಟ್ಟೆಯ ಕ್ಯಾನ್ಸರಾಗಿ, ಮುಕ್ಕಾಲು ಹೊಟ್ಟೆ ತೆಗೆಸಿಕೊಂಡು ಬಂದಾಗ ಎಲ್ಲರೂ ಅವಳ ಆಯುಸ್ಸಿನ ಚಿಂತೆ ಮಾಡಿದರೆ, ಅವಳು ಚಿಂತೆ ಮಾಡಿದ್ದು ಮಗಳದ್ದು. ಬೊರಮ್‌ಗೆ ಈಗ ಮೂವತ್ತನಾಲ್ಕು. ಒಬ್ಬಳೇ ಬಸ್ಸು ಹತ್ತಲಾರಳು, ಚಿಲ್ಲರೆ ಲೆಕ್ಕ ಹತ್ತುವುದಿಲ್ಲ. ಆದರೆ ಮೀನಿನ ಪೆಟ್ಟಿಗೆ ಮಡಚುವುದರಲ್ಲಿ ಮಾರುಕಟ್ಟೆಯಲ್ಲೇ ಅವಳನ್ನು ಮೀರಿಸುವವರಿಲ್ಲ. ಅವಳಂಥವರು ಐದಾರು ಮಂದಿ ಒಟ್ಟಿಗೆ ಬದುಕುವ ಒಳ್ಳೆಯ ಮನೆಯೊಂದು ಪಟ್ಟಣದಾಚೆ ಇದೆ, ಅಲ್ಲಿ ಜಾಗ ಬೇಕಾದರೆ ದೊಡ್ಡ ಮೊತ್ತ ಬೇಕು. ತಾನು ಹೋದ ದಿನ ಆ ಮೊತ್ತ ಬೊರಮ್ ಕೈ ಸೇರಬೇಕೆಂಬುದೊಂದೇ ದೊಕ್ಸಿಮ್‌ಳ ಆಸೆ. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದೊಡನೆ ಒಂದೊಂದೇ ಕಂಪನಿ ಬಾಗಿಲು ಹಾಕಿಕೊಂಡಿತು. ಏನನ್ನೂ ಕೇಳದೆ ವಿಮೆ ಕೊಡುವ ಒಂದು ಕಂಪನಿಯ ಕಂತು ಕೇಳಿ ಅವಳಿಗೆ ಉಳಿದ ಕಾಲು ಹೊಟ್ಟೆಯೂ ಉರಿಯಿತು.

"ಐದು ವರ್ಷ ಸುಮ್ನೆ ಬದುಕಿರೇ ಬೊರಮ್ ಅಮ್ಮಾ, ಉಳಿದಿದ್ದು ನನಗೆ ಬಿಡು" ಎಂದಳು ಮಲ್ಸುನ್. ಮೂರೇ ಪ್ರಶ್ನೆ ಕೇಳುವ ಒಂದು ಪಾಲಿಸಿ ಆಕೆಯ ಕಂಪನಿಯಲ್ಲಿತ್ತು: ಮೂರು ತಿಂಗಳಲ್ಲಿ ವೈದ್ಯರು ಚಿಕಿತ್ಸೆಗೋ ಹೊಸ ತಪಾಸಣೆಗೋ ಬರಹೇಳಿದ್ದಾರೆಯೇ, ಎರಡು ವರ್ಷದಲ್ಲಿ ಆಸ್ಪತ್ರೆ ಸೇರಿದ್ದೀರಾ, ಐದು ವರ್ಷದಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದೀರಾ. ಮೂರಕ್ಕೂ ಇಲ್ಲವೆಂದರೆ ತಿಂಗಳ ಕಂತು ಒಂದು ಪೆಟ್ಟಿಗೆ ಮೀನಿನ ಬೆಲೆಯಷ್ಟೇ. ಆದರೆ ಅರವತ್ತೈದು ದಾಟಿದವರಿಗೆ ಅದಿಲ್ಲ. ವಿಮೆಯ ಲೆಕ್ಕದಲ್ಲಿ ಹುಟ್ಟುಹಬ್ಬ ಕಳೆದು ಆರು ತಿಂಗಳಾದರೆ ಮುಂದಿನ ವಯಸ್ಸು ಏರಿಬಿಡುತ್ತದೆ. ಐದನೆಯ ವರ್ಷ ದೊಕ್ಸಿಮ್‌ಗೆ ಅರವತ್ತೈದು ಆಗಿತ್ತು, ಮಲ್ಸುನ್ ಕೆಂಪು ಪುಸ್ತಕ ನೋಡಿದಳು. ಮೇ ಕೊನೆಯಲ್ಲಿ ಕಡಲಸೊಪ್ಪು ಕೊಟ್ಟಿದ್ದಾಳೆ, ಅಂದರೆ ನವೆಂಬರ್ ಕೊನೆಯವರೆಗೂ ಸಮಯವಿದೆ. ಚಿಕಿತ್ಸೆ ಮುಗಿದು ಐದು ವರ್ಷ ತುಂಬುವುದು ಅಕ್ಟೋಬರ್ ಹತ್ತಕ್ಕೆ. ದೊಕ್ಸಿಮ್ ಮಾತ್ರ ಸಹಿ ಹಾಕುವುದಾದರೆ ಭೂತಪ್ರೇತಗಳು ಊರು ಬಿಟ್ಟಿರುವ ಒಳ್ಳೆಯ ದಿನವೇ ಆಗಬೇಕೆಂದು ಪಟ್ಟು ಹಿಡಿದಳು. ಪಂಚಾಂಗದಲ್ಲಿ ಅದು ಶುಕ್ರವಾರ, ಹದಿಮೂರಕ್ಕೆ ಬಂದಿತ್ತು.

ಅದರ ಹಿಂದಿನ ಬುಧವಾರ, ಹನ್ನೊಂದನೆಯ ತಾರೀಕು. ದೊಕ್ಸಿಮ್ ಮಾವನ ತಿಥಿಗೆಂದು ಮಗಳೊಡನೆ ದ್ವೀಪಕ್ಕೆ ಹೋಗಿದ್ದಳು, ಮರಳುವುದು ಗುರುವಾರ ಸಂಜೆ. ಹೊರಡುವ ಮೊದಲು ತನ್ನ ಗುರುತಿನ ಚೀಟಿಯ ನಕಲನ್ನು ನನ್ನ ಅಂಗಡಿಯಲ್ಲಿ ತೆಗೆಸಿಟ್ಟಿದ್ದಳು. ಮಧ್ಯಾಹ್ನ ಎರಡೂವರೆಗೆ ಕಿರ್ರೆನ್ನುವ ಗಾಲಿ ಬಂತು, "ಊಟ ಆಯ್ತಾ" ಬಂತು, ನಾನು ನಕಲನ್ನು ಕೊಟ್ಟೆ. ಮಲ್ಸುನ್ ಕನ್ನಡಕ ಬದಲಿಸಿದಳು. ಇನ್ನೊಮ್ಮೆ ಬದಲಿಸಿದಳು.

"ಸಾಹುಕಾರ್ರೆ, ಇದೇನು ಏಪ್ರಿಲ್ ಹನ್ನೆರಡು ಅಂತಿದೆ?"

ನನಗೆ ತಟ್ಟನೆ ಹೊಳೆಯಿತು. ಅವಳು ಹುಟ್ಟಿದ್ದು ಚಾಂದ್ರಮಾನದ ನಾಲ್ಕನೆಯ ತಿಂಗಳ ಹನ್ನೆರಡಕ್ಕೆ. ಅವಳಪ್ಪ ಸರ್ಕಾರಿ ಕಚೇರಿಯಲ್ಲಿ ಅದನ್ನೇ ಹೇಳಿದ್ದಾನೆ, ಗುಮಾಸ್ತ ನಾಲ್ಕನೆಯ ತಿಂಗಳೆಂದರೆ ಏಪ್ರಿಲ್ ಎಂದು ಬರೆದುಕೊಂಡಿದ್ದಾನೆ. ನಮ್ಮ ತಲೆಮಾರಿನ ಅರ್ಧ ಜನ ಹೀಗೇ ಎರಡೆರಡು ಸಲ ಹುಟ್ಟಿದವರು. ಸಾರು ಕುಡಿಯುವುದು ಒಂದು ದಿನ, ಸರ್ಕಾರಕ್ಕೆ ವಯಸ್ಸಾಗುವುದು ಇನ್ನೊಂದು ದಿನ. ಕಂಪನಿ ನೋಡುವುದು ಸರ್ಕಾರದ ದಿನವನ್ನು. ಏಪ್ರಿಲ್ ಹನ್ನೆರಡಕ್ಕೆ ಆರು ತಿಂಗಳು ಕೂಡಿಸಿದರೆ ನಾಳೆ. ನಾಳೆಗೆ ದೊಕ್ಸಿಮ್‌ಗೆ ಅರವತ್ತಾರು, ಬಾಗಿಲು ಬಂದ್. ನಿನ್ನೆಯವರೆಗೆ ಮೂರನೆಯ ಪ್ರಶ್ನೆಗೆ ಇಲ್ಲ ಎನ್ನುವಂತಿರಲಿಲ್ಲ. ಐದು ವರ್ಷ ಕಾದದ್ದಕ್ಕೆ ಉಳಿದಿದ್ದು ಈ ಒಂದು ದಿನ, ಅದರಲ್ಲೂ ಮುಕ್ಕಾಲು ಪಾಲು ಕಳೆದಿತ್ತು.

ದೊಕ್ಸಿಮ್‌ಳದು ಮಡಚುವ ಹಳೆಯ ಫೋನು, ದೂರದಿಂದ ಅದರಲ್ಲಿ ಸಹಿ ಹಾಕಲಾಗದು. ನನ್ನ ಕೈ ಸುಮ್ಮನಿರಲಿಲ್ಲ. "ಅವಳ ಮುದ್ರೆ ಕೆತ್ತಿದವನೇ ನಾನು, ಸಹಿಯೂ ಗೊತ್ತು. ಯಾರಿಗೂ ತಿಳಿಯೋದಿಲ್ಲ, ನಿಮ್ಮ ಟ್ಯಾಬಿನಲ್ಲಿ ನಾನೇ ಹಾಕಿಬಿಡ್ಲಾ?" ಎಂದೆ.

ಮಲ್ಸುನ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಾಕಿ. ಆಮೇಲೆ ಬೊರಮ್ ಕೊಡೋ ತೋಫು ತುಂಡನ್ನ ನೀವೇ ತಿನ್ನಿ." ನನ್ನ ಕಿವಿ ಕೆಂಪಾಯಿತು. ಆಕೆ ಗೋಡೆಯ ಗಡಿಯಾರ ನೋಡಿದಳು. "ಕೊನೇ ದೋಣಿ ಎಷ್ಟೊತ್ತಿಗೆ?"

"ಎರಡೂ ಐವತ್ತಕ್ಕೆ. ಹನ್ನೆರಡು ನಿಮಿಷ ಉಳಿದಿದೆ. ನಿಮ್ಮ ನಡಿಗೇಲಿ ಅರ್ಧ ಗಂಟೆ ದಾರಿ."

"ಅಂಗಡಿ ಮುಚ್ಚಿ, ಚೀಲ ಎತ್ಕೊಳ್ಳಿ" ಎಂದವಳೇ ಓಡಿದಳು!

ಅಬ್ಬಾ, ಆ ಓಟ! ಸಾಸಿವೆ ಬಣ್ಣದ ಕೋಟು ಎರಡು ಕಡೆಗೂ ಹಾರುತ್ತಿದೆ, ಜೇಬುಗಳಿಂದ ಪೆಪ್ಪರಮಿಂಟು ದಾರಿಯುದ್ದಕ್ಕೂ ಉದುರುತ್ತಿವೆ, ಹಿಂದೆ ಗಾಲಿಯ ಚೀಲವನ್ನು ಹೆಗಲಿಗೇರಿಸಿಕೊಂಡು ಏದುಸಿರು ಬಿಡುತ್ತ ನಾನು. ಮೀನು ಕೊಚ್ಚುತ್ತಿದ್ದವರು ಕತ್ತಿ ಎತ್ತಿದಲ್ಲೇ ನಿಂತರು. "ಏನಾಯ್ತೇ ವಿಮೆಯಕ್ಕಾ, ಬೆಂಕಿ ಬಿತ್ತಾ?" ಎಂದು ಯಾರೋ ಕೂಗಿದರೆ, ಇನ್ಯಾರೋ "ಅಕ್ಕ ಓಡ್ತಿದಾಳೆ ಅಂದ್ರೆ ಯುದ್ಧವೇ ಶುರುವಾಗಿರ್ಬೇಕು!" ಎಂದರು. ಟಿಕೆಟ್ ಕಿಟಕಿಯ ಹುಡುಗಿ ಗುರುತಿನ ಚೀಟಿ ಕೇಳಿದಳು. ಹನ್ನೊಂದು ಜೇಬು! ಮೊದಲನೆಯದರಲ್ಲಿ ಕನ್ನಡಕ, ಎರಡನೆಯದರಲ್ಲಿ ಕನ್ನಡಕ, ಮೂರನೆಯದರಲ್ಲಿ ಅರ್ಧ ತಿಂದ ಸಿಹಿಗೆಣಸು. ದೋಣಿ ಕೂಗು ಹಾಕಿತು. ಚೀಟಿ ಸಿಕ್ಕಿದ್ದು ಒಂಬತ್ತನೆಯದರಲ್ಲಿ. ಹಗ್ಗ ಬಿಚ್ಚುತ್ತಿದ್ದವನ ತೋಳು ಹಿಡಿದೇ ಆಕೆ ದೋಣಿಗೆ ಕಾಲಿಟ್ಟಳು.

ದ್ವೀಪದ ಮನೆಯಂಗಳದಲ್ಲಿ ದೊಕ್ಸಿಮ್ ತಿಥಿಗೆಂದು ಮೀನಿನ ದೋಸೆ ಹುಯ್ಯುತ್ತಿದ್ದಳು. ವಿಷಯ ಕೇಳಿ ಸೌಟು ಕೆಳಗಿಟ್ಟಳು. "ಇವತ್ತು ದಿನ ಚೆನ್ನಾಗಿಲ್ಲ ಅಕ್ಕಾ. ಪ್ರೇತಗಳೆಲ್ಲ ಓಡಾಡ್ತಿರ್ತಾವೆ."

"ಓಡಾಡ್ಲಿ. ನಾನೂ ಓಡ್ಕೊಂಡೇ ಬಂದಿದ್ದೀನಿ. ಎದುರು ಬಂದ್ರೆ ಅವಕ್ಕೂ ಒಂದೊಂದು ಪಾಲಿಸಿ ಮಾಡಿಸ್ತೀನಿ, ಕೂತ್ಕೋ!"

ಉಸಿರು ಇನ್ನೂ ನೆಟ್ಟಗಾಗಿರದಿದ್ದರೂ ಮಲ್ಸುನ್ ಎಂದಿನ ಗಟ್ಟಿ ದನಿಯಲ್ಲೇ ಓದಿದಳು. ಮೊದಲ ಪ್ರಶ್ನೆ. "ಮುಂದಿನ ವರ್ಷ ಬಂದು ಮುಖ ತೋರಿಸ್ಕೊಂಡ್ ಹೋಗು ಅಂದ್ರು, ಅಷ್ಟೇ." "ಹೊಸ ಪರೀಕ್ಷೆ, ಔಷಧಿ ಏನಾದ್ರೂ?" "ಏನಿಲ್ಲ." ಎರಡನೆಯದಕ್ಕೂ ಇಲ್ಲ. ಮೂರನೆಯದನ್ನು ಓದುವಾಗ ಬಾಣಲೆಯ ಎಣ್ಣೆ ಚಿಟಪಟ ಎನ್ನುತ್ತಿತ್ತು, ಮನೆಯವರೆಲ್ಲ ಜಗಲಿಗೆ ಬಂದು ನಿಂತಿದ್ದರು. "ಕಳೆದ ಐದು ವರ್ಷದಲ್ಲಿ ನಿಮಗೆ ಕ್ಯಾನ್ಸರ್ ಅಂತ ಗೊತ್ತಾಗಿದ್ದು, ಆಸ್ಪತ್ರೆ ಸೇರಿದ್ದು, ಶಸ್ತ್ರಚಿಕಿತ್ಸೆ ಮಾಡಿಸ್ಕೊಂಡಿದ್ದು ಇದೆಯಾ?"

ದೊಕ್ಸಿಮ್ ಎಣ್ಣೆಯ ಕೈ ಒರೆಸಿಕೊಂಡು ಮಗಳ ಕಡೆ ನೋಡಿದಳು. ಕಡೆಗೆ "ಇಲ್ಲ" ಎಂದಳು. ತಾನೇ ನಂಬದವಳಂತೆ ಮಲ್ಸುನ್‌ಳ ಕೈ ಹಿಡಿದು, "ಅಕ್ಕಾ, ಅದನ್ನ ಇನ್ನೊಂದ್ಸಲ ಕೇಳು" ಎಂದಳು. ಮಲ್ಸುನ್ ಇನ್ನೊಮ್ಮೆ ಓದಿದಳು, ಒಂದಕ್ಷರ ಬಿಡದೆ. "ಇಲ್ಲ!" ಎಂದು ದೊಕ್ಸಿಮ್ ಕಿರುಚಿದ ದನಿಗೆ ಗೋಡೆಯ ಮೇಲಿನ ಬೆಕ್ಕು ಹಾರಿತು. ಪಕ್ಕದಲ್ಲಿದ್ದ ಬೊರಮ್ ಏನೂ ತಿಳಿಯದೆಯೂ ಚಪ್ಪಾಳೆ ತಟ್ಟಿ "ಇಲ್ಲ! ಇಲ್ಲ!" ಎಂದು ಕುಣಿದಳು. ನನಗೆ ಕಣ್ಣು ತುಂಬಿ ಬಂತು. ಎಣ್ಣೆಯ ಹೊಗೆಯೆಂದು ಸುಳ್ಳು ಹೇಳಿದೆ.

ಸಹಿ ಬಿತ್ತು, ಆದರೆ ಕಳಿಸಲು ಸಿಗ್ನಲ್ ಇಲ್ಲ. ಆರಕ್ಕೆ ಕಂಪನಿಯ ಕೆಲಸ ಮುಗಿಯುತ್ತದೆ. ಮಲ್ಸುನ್ ಟ್ಯಾಬನ್ನು ತಲೆಯ ಮೇಲೆ ಹಿಡಿದು ಅಂಗಳವೆಲ್ಲ ಸುತ್ತಿದಳು. ಕಡೆಗೆ ಹಿತ್ತಿಲಿನ ಸೋಯಾ ಜಾಡಿಗಳ ಕಟ್ಟೆಯೇರಿ, ಎಲ್ಲಕ್ಕಿಂತ ದೊಡ್ಡ ಜಾಡಿಯನ್ನು ಒಂದು ಕೈಯಲ್ಲಿ ತಬ್ಬಿ, ಇನ್ನೊಂದು ಕೈಯನ್ನು ಸಮುದ್ರದ ಕಡೆಗೆ ಚಾಚಿ ನಿಂತಳು. ಐದೂ ಹತ್ತು, ಐದೂಕಾಲು, ಐದೂ ಇಪ್ಪತ್ತು. ಐದೂವರೆಗೆ ಟ್ಯಾಬು ಟಿಣ್ ಎಂದಿತು. ಅರ್ಜಿ ಒಪ್ಪಿಗೆಯಾಗಿದೆ, ಮೊದಲ ಕಂತು ಸಂದಿದೆ, ಇಂದಿನಿಂದಲೇ ಜಾರಿ.

ಮಲ್ಸುನ್ ಕಟ್ಟೆಯಿಂದ ಇಳಿದು, ಕೋಟು ಸರಿಪಡಿಸಿಕೊಂಡು, ಮತ್ತೆ ತನ್ನ ಹಳೆಯ ನಡಿಗೆಯಲ್ಲಿ ಹೆಜ್ಜೆಗೊಮ್ಮೆ ತಡೆಯುತ್ತ ಬೊರಮ್ ಹತ್ತಿರ ಹೋದಳು. "ಅದಿರ್ಲಿ ಪುಟ್ಟಾ, ಊಟ ಆಯ್ತಾ?" ಬೊರಮ್ ತಟ್ಟೆಯಲ್ಲಿದ್ದ ಬಿಸಿಬಿಸಿ ತುಂಡೊಂದನ್ನು ಎತ್ತಿ ಆಕೆಯ ಬಾಯಿಗಿಟ್ಟಳು. ಅದು ತಿಥಿಗೆಂದು ಕರಿದ ತೋಫು. ಮಲ್ಸುನ್ ಕಣ್ಣು ಮುಚ್ಚಿ, ನಿಧಾನವಾಗಿ ಅಗಿದು, ನುಂಗಿದಳು.

ವಿಮೆ ಮಾರುವ ಹೆಂಗಸರು ಬೀದಿಯ ತುದಿಯಲ್ಲಿ ಕಂಡರೆ ನಾವು ಬಾಗಿಲ ಹಿಂದೆ ಸರಿಯುತ್ತೇವೆ. ಬದುಕಿರುವವರ ಮುಂದೆ ಸಾವಿನ ಮಾತೆತ್ತುವವರೆಂದು ಅವರನ್ನು ಹಗುರವಾಗಿ ಆಡಿಕೊಳ್ಳುತ್ತೇವೆ. ನಾನೂ ಹಾಗೆ ಆಡಿಕೊಂಡವನೇ. ಆದರೆ ನಾವು ಹೋದ ಮರುದಿನ, ಬಂಧುಗಳೆಲ್ಲ ಕೈತೊಳೆದು ತಂತಮ್ಮ ಊರಿನ ಬಸ್ಸು ಹಿಡಿದ ಮೇಲೆ, ಹಿಂದೆ ಉಳಿದ ಮಗಳ ಬಾಗಿಲಿಗೆ ಬಂದು ಊಟವಾಯಿತೇ ಎಂದು ಕೇಳುವವರು ಇವರು. ಆ ದಿನ ಹಾಗೆ ಕೇಳಲು ತಮಗೆ ಮುಖವಿರಲೆಂದೇ ಇವರು ಈ ದಿನ ಓಡುತ್ತಾರೆ.