ಬಿಳಿ ಅಕ್ಷರಗಳ ಸಾಲು

ಯಂತ್ರವೊಂದು ಮನುಷ್ಯರ ಮೇಲೆ ಬಿದ್ದಿತೆಂದು ಕೇಳಿದಾಗ ನೀವು ಮೊದಲು ಯಾರನ್ನು ಶಂಕಿಸುತ್ತೀರಿ? ಅದರ ನಕ್ಷೆ ಬರೆದವನನ್ನೋ, ಮಂಡಿಯೂರಿ ಅದನ್ನು ಜೋಡಿಸಿದವನನ್ನೋ? ಉತ್ತರ ಹೇಳಲು ನಾಚಿಕೆಯಾದರೆ ಹೇಳಬೇಡಿ. ಜರ್ಮನಿಯ ವುಪ್ಪರ್ ನದಿಯ ದಂಡೆಯ ಆ ಕೇಬಲ್ ಕಾರ್ಖಾನೆಯಲ್ಲಿಯೂ ಎಲ್ಲರೂ ನಿಮ್ಮಂತೆಯೇ ಶಂಕಿಸಿದರು.

1988ರ ನವೆಂಬರಿನ ಒಂದು ಮಂಗಳವಾರ, ಒಂಬತ್ತರ ತಿಂಡಿಯ ಗಂಟೆ ಬಾರಿಸಿದರೂ, ಪರೀಕ್ಷಾ ಕೊಠಡಿಯ ಗುಡ್ರುನ್ ಬ್ರಾಕೆ ತನ್ನ ಬ್ರೆಡ್ಡಿನ ಡಬ್ಬಿಯನ್ನು ತೆರೆಯಲಿಲ್ಲ. ಎದುರಿನ ಉದ್ದನೆಯ ಮೇಜಿನ ಮೇಲೆ ಆರು ಮೀಟರಿನ ಬೂದು ಕೇಬಲ್ ಮಲಗಿತ್ತು. ಅದರ ಎರಡು ತುದಿಗಳಲ್ಲಿಯೂ, ಯಂತ್ರದಲ್ಲಿ ಅದನ್ನು ಅಲುಗದಂತೆ ಬಿಗಿದಿದ್ದ ಹಿಡಿಕೆಗಳು ಹಾಗೆಯೇ ಇದ್ದವು. ಹಿಡಿಕೆಗಳ ಹೊರಗೇ ಕತ್ತರಿಸಿ ತನ್ನಿರೆಂದು ಆಕೆ ಹಟ ಹಿಡಿದಿದ್ದಳು.

ಇಲ್ಲಿಯೇ ತಯಾರಾದ ಆ ಕೇಬಲ್ ಮರಳಿ ಬಂದದ್ದು ಒಂದು ಹೆಂಚಿನ ಕಾರ್ಖಾನೆಯಿಂದ. ಹೆಂಚುಗಳನ್ನು ಎತ್ತಿಡುವ ಉಕ್ಕಿನ ತೋಳು ಹಗಲಿರುಳು ಹಿಂದಕ್ಕೂ ಮುಂದಕ್ಕೂ ಓಡುವಾಗ, ಪ್ಲಾಸ್ಟಿಕ್ ಕೊಂಡಿಗಳ ಸರಪಳಿಯೊಳಗೆ ಈ ಕೇಬಲ್ಲೂ ಅದರ ಜೊತೆಗೆ ಬಾಗುತ್ತ ಏಳುತ್ತ ಓಡಬೇಕಿತ್ತು. ನಾಲ್ಕು ವಾರಗಳ ಹಿಂದೆ ಒಳಗಿನ ಎರಡು ಎಳೆಗಳ ಹೊದಿಕೆ ಸವೆದು ತಾಮ್ರಕ್ಕೆ ತಾಮ್ರ ತಗುಲಿತು. ಹಿಡಿಯಬೇಕಾದ ಬ್ರೇಕು ಹಿಡಿಯಲಿಲ್ಲ. ಜಾರಿದ ತೋಳು ಹೆಂಚು ಕಟ್ಟುತ್ತಿದ್ದ ಹೆಂಗಸೊಬ್ಬಳ ಭುಜವನ್ನು ಪುಡಿಮಾಡಿತು.

ಅಭಿವೃದ್ಧಿ ವಿಭಾಗದ ಮುಖ್ಯಸ್ಥ ಡಾಕ್ಟರ್ ಟೀಸ್ ಕಳುಹಿಸಿದ ವರದಿ ಕೇಬಲ್ಲಿನ ಪಕ್ಕದಲ್ಲಿತ್ತು. 'ಜೋಡಿಸುವಾಗ ಕೇಬಲನ್ನು ತಿರುಚಿದ್ದೇ ಅಪಘಾತಕ್ಕೆ ಕಾರಣ. ಜೋಡಿಸಿದವನು: ಅಡೆಲಿನೊ ಫರಿಯ.' ಕೇಬಲ್ ಈ ಕೊಠಡಿಗೆ ಬಂದದ್ದು ನಿನ್ನೆ; ವರದಿಯ ಮೇಲಿನ ತಾರೀಖು ಹತ್ತು ದಿನ ಹಿಂದಿನದು. ಪರೀಕ್ಷಕಿಯ ಸಹಿಯೊಂದು ಬಿದ್ದರೆ ಫರಿಯನ ಕೆಲಸವೂ ಹೆಸರೂ ಒಟ್ಟಿಗೆ ಹೋಗುತ್ತಿದ್ದವು.

ಬಾಗಿಲು ತೆರೆದು ಫರಿಯ ಒಳಗೆ ಬಂದ. ಪೋರ್ಚುಗಲ್ಲಿನಿಂದ ಈ ಕಾರ್ಖಾನೆಗೆ ದುಡಿಯಲು ಬಂದು ಹದಿನೇಳು ವರ್ಷವಾಗಿದ್ದ ಅವನು ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ.

"ಕರೆದ್ರಂತೆ, ಫ್ರೌ ಬ್ರಾಕೆ."

"ಏನೋ ಅಡೆಲಿನೊ, ನಿನ್ ಮುಖ ನೋಡಿದ್ರೆ ಮೂರು ದಿನದ ಹಳೇ ಆಲೂಗಡ್ಡೆ ಸಾರೇ ವಾಸಿ ಕಣೋ," ಎಂದ ಪರೀಕ್ಷಾ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ ಮುದುಕ ಯುಪ್. ಫರಿಯ ನಗಲಿಲ್ಲ.

"ಯುಪ್, ಬಾಯಿಗೆ ಬ್ರೆಡ್ ಹಾಕ್ಕೊಳಿ," ಎಂದಳು ಗುಡ್ರುನ್. "ಫರಿಯ ಅವ್ರೇ, ಅವತ್ತು ಕೇಬಲ್ ಹೇಗೆ ಹಾಕಿದ್ರಿ?"

"ಯಾವಾಗ್ಲೂ ಹಾಕೋ ಹಾಗೇನೇ. ಕೇಬಲ್ ಸುತ್ತಿರೋ ಡ್ರಮ್ಮಿನ ಪಕ್ಕದಿಂದ ಸುರುಳಿ ಸುರುಳಿಯಾಗಿ ಎಳೆದು ತೆಗೀಬಾರ್ದು, ಡ್ರಮ್ಮನ್ನೇ ಉರುಳಿಸ್ಬೇಕು, ಉರುಳಿಸ್ದೆ. ಆಮೇಲೆ ಉದ್ದಕ್ಕೆ ನೆಲದ ಮೇಲೆ ಮಲಗಿಸಿ ಒಂದು ದಿನ ಬಿಟ್ಟೆ, ಒಳಗಿನ ತಿರುಚು ಬಿಟ್ಕೊಳ್ಳಲಿ ಅಂತ. ಹೆಂಚಿನ ಕಾರ್ಖಾನೆಯೋರು ಬೈದ್ರು, ಕೇಬಲ್ಲಿಗೂ ಭಾನುವಾರದ ರಜೆ ಬೇಕೇನಯ್ಯಾ ಅಂದ್ರು." ಅವನ ದನಿ ಇಳಿಯಿತು. "ಆದ್ರೂ ಎಲ್ಲೋ ಕೈತಪ್ಪಿರ್ಬೇಕು. ಡಾಕ್ಟ್ರು ಓದಿದೋರು, ಸುಮ್ನೆ ಹೇಳ್ತಾರಾ? ಆ ಹೆಂಗಸಿಗೆ ಹೂ ತಗೊಂಡು ಆಸ್ಪತ್ರೆಗೆ ಹೋಗಿದ್ದೆ. ಗಂಡ ಬಾಗಿಲಲ್ಲೇ ತಡೆದ."

ಓದಿದವರು ಸುಮ್ಮನೆ ಹೇಳುವುದಿಲ್ಲ ಎಂಬ ಈ ನಂಬಿಕೆಯನ್ನು ಬಡವರ ಎದೆಯಲ್ಲಿ ಬಿತ್ತಿದವರಿಗೆ ಯಾವ ಶಿಕ್ಷೆ ಸಾಕಾದೀತು! ಗುಡ್ರುನ್ ಅವನ ತೋರುಬೆರಳನ್ನು ಹಿಡಿದು ಮೇಜಿನ ಬಳಿಗೆ ಎಳೆದಳು. ಬೂದು ಹೊರಕವಚದ ಉದ್ದಕ್ಕೂ ಕಾರ್ಖಾನೆಯ ಹೆಸರೂ ಮೀಟರಿನ ಅಂಕಿಗಳೂ ಬಿಳಿಯ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದ್ದವು.

"ಈ ಹಿಡಿಕೆಯಿಂದ ಆ ಹಿಡಿಕೆವರೆಗೂ ಅಕ್ಷರ ಬಿಡದೆ ನಡೀರಿ. ನೀವು ತಿರುಚಿ ಕೂರಿಸಿದ್ರೆ ಸಾಲು ಸುತ್ತಿಕೊಂಡು ಅಡಿಗೆ ಹೋಗ್ಬೇಕು."

ಫರಿಯ ನಡೆದ. ಕೇಬಲ್ ಅಲ್ಲಲ್ಲಿ ಇಲಿ ನುಂಗಿದ ಹಾವಿನಂತೆ ಉಬ್ಬಿ ಡೊಂಕಾಗಿತ್ತು. ಆದರೆ ಅವನ ಬೆರಳಿನಡಿಯ ಸಾಲು ಒಮ್ಮೆಯೂ ಮರೆಯಾಗಲಿಲ್ಲ; ಮೊದಲ ಹಿಡಿಕೆಯಲ್ಲಿ ಮೇಲ್ಮುಖವಾಗಿದ್ದ ಅಕ್ಷರಗಳು ಕೊನೆಯ ಹಿಡಿಕೆಯಲ್ಲಿಯೂ ಮೇಲ್ಮುಖವಾಗಿಯೇ ಇದ್ದವು.

"ನೆಟ್ಟಗಿದೆ," ಎಂದ. ಮತ್ತೊಮ್ಮೆ, ಈ ಬಾರಿ ಕೂಗಿ: "ನೆಟ್ಟಗಿದೆ! ನಾಲ್ಕು ವಾರ ಹೆಂಡ್ತಿ ಮುಖ ನೆಟ್ಟಗೆ ನೋಡಿಲ್ಲ ನಾನು! ನಿಮಗಿದು ಯಾವಾಗಿಂದ ಗೊತ್ತು?"

"ನಿಮ್ಮ ತಪ್ಪಿಲ್ಲ ಅಂತ ಗೊತ್ತಾಗಿದ್ದು ನಿನ್ನೆ. ತಪ್ಪು ಯಾರದು ಅಂತ ಗೊತ್ತಿದ್ದದ್ದು ಫೆಬ್ರವರಿಯಿಂದ."

ಯುಪ್ ಎಣ್ಣೆಯ ಕುಪ್ಪಿಯನ್ನು ಕೆಳಗಿಟ್ಟ.

ಫೆಬ್ರವರಿಯಲ್ಲಿ ಇದೇ ಬಗೆಯ ಕೇಬಲ್ ಇದೇ ಕೊಠಡಿಯ ಯಂತ್ರದಲ್ಲಿ ಓಡಿತ್ತು. ಒಂದು ಕೋಟಿ ಸಲ ಬಾಗಬೇಕಾದದ್ದು ಹನ್ನೊಂದು ಲಕ್ಷ ನಲವತ್ತು ಸಾವಿರಕ್ಕೇ ಹೀಗೆ ಡೊಂಕಾಯಿತು. ಎಳೆಗಳನ್ನು ಇದರಲ್ಲಿದ್ದಂತೆ ಪದರದ ಮೇಲೆ ಪದರವಾಗಿ ಸುತ್ತಿದರೆ ಬಾಗಿನ ಹೊರಮೈಯ ಎಳೆಗಳು ಜಗ್ಗುತ್ತವೆ, ಒಳಮೈಯವು ಮುದುಡುತ್ತವೆ. ಹಗ್ಗ ಹೊಸೆಯುವವನ ಮಗಳಾದ ಗುಡ್ರುನ್ ಅಂದೇ ಹೇಳಿದ್ದಳು: ಮೂರು ಮೂರು ಎಳೆಗಳನ್ನು ಹೊಸೆದು, ಆ ಹೊಸೆತಗಳನ್ನು ನಡುವಿನ ಗಟ್ಟಿ ಹುರಿಯೊಂದರ ಸುತ್ತ ಮತ್ತೆ ಹೊಸೆಯಿರಿ, ಆಗ ಪ್ರತಿ ಎಳೆಯೂ ಒಮ್ಮೆ ಒಳಗೆ ಒಮ್ಮೆ ಹೊರಗೆ ಹಾಯ್ದು ಭಾರವನ್ನು ಸಮನಾಗಿ ಹಂಚಿಕೊಳ್ಳುತ್ತದೆ. ಆದರೆ ಏಪ್ರಿಲಿಗೆ, ಈ ಕೇಬಲನ್ನು ಪ್ರದರ್ಶಿಸಬೇಕಾದ ಹಾನೋವರಿನ ಕೈಗಾರಿಕಾ ಮೇಳವಿತ್ತು. ಟೀಸ್ ಕೇಬಲನ್ನು ಬದಲಿಸಲಿಲ್ಲ. ಅದು ಕಷ್ಟವಿಲ್ಲದೆ ಬಾಗುವಂತೆ ದೊಡ್ಡ ಬಾಗಿನ ಸರಪಳಿಯನ್ನು ತರಿಸಿ ಕೋಟಿಯನ್ನು ಮುಟ್ಟಿಸಿದರು. ಕ್ಯಾಟಲಾಗಿನಲ್ಲಿ ಮಾತ್ರ ಸಣ್ಣ ಬಾಗಿನ ಅಳತೆಯೇ ಅಚ್ಚಾಯಿತು. ಆ ಎರಡನೆಯ ಪರೀಕ್ಷೆಯ ಹಾಳೆಗೆ ಗುಡ್ರುನ್ ಸಹಿ ಹಾಕಿದ್ದಳು.

"ಸಹಿ ಹಾಕಿದ್ರಾ?" ಎಂದ ಎಲ್ಲವನ್ನೂ ಅವಳ ಬಾಯಿಂದ ಕೇಳಿಸಿಕೊಂಡ ಫರಿಯ.

"ಹಾಕಿದೆ."

ಅಷ್ಟರಲ್ಲಿ ಡಾಕ್ಟರ್ ಟೀಸ್ ಕಾಫಿಯ ಬಟ್ಟಲು ಹಿಡಿದೇ ಒಳಬಂದರು. "ಇನ್ನೂ ಸಹಿ ಆಗಿಲ್ವಾ, ಫ್ರೌ ಬ್ರಾಕೆ? ವಿಮೆಯೋರು ಫೋನ್ ಮೇಲೆ ಫೋನ್ ಮಾಡ್ತಿದಾರೆ." ಫರಿಯನನ್ನು ಕಂಡು ಹುಬ್ಬು ಗಂಟಿಕ್ಕಿದರು. "ಇವ್ರಿಗೇನು ಕೆಲಸ ಇಲ್ಲಿ?"

ಗುಡ್ರುನ್ ಚೂರಿಯಿಂದ ಕೇಬಲ್ಲಿನ ಉಬ್ಬನ್ನು ಉದ್ದಕ್ಕೆ ಸೀಳಿದಳು. ಹೊರಪದರದ ಎಳೆಗಳು ಕರುಳಿನಂತೆ ಹೊರಚಿಮ್ಮಿದವು. ಎರಡರ ಮೈಯಲ್ಲಿ ಬತ್ತಲೆ ತಾಮ್ರ ಕಪ್ಪಾಗಿತ್ತು.

"ಇದನ್ನ ಫೆಬ್ರವರೀಲೂ ನೋಡಿದೀರಿ, ಡಾಕ್ಟ್ರೇ."

"ಕೆಲಸದವನೊಬ್ಬನಿಗೋಸ್ಕರ ನಾನೂರು ಜನರ ಅನ್ನಕ್ಕೆ ಕಲ್ಲು ಹಾಕ್ತೀರಾ?"

"ಇನ್ನೂ ಅರವತ್ಮೂರು ಯಂತ್ರಗಳಲ್ಲಿ ಇದೇ ಕೇಬಲ್ ಓಡ್ತಿದೆ. ಒಂದೊಂದರ ಕೆಳಗೂ ಯಾರೋ ನಿಂತಿದಾರೆ. ಅವ್ರೂ ಅನ್ನ ತಿನ್ನೋರೇ."

ಟೀಸ್ ದನಿ ತಗ್ಗಿಸಿದರು. "ಎರಡನೇ ಪರೀಕ್ಷೆಯ ಹಾಳೆ ಮೇಲೆ ನಿಮ್ಮದೇ ಸಹಿ ಇದೆ. ಮರೀಬೇಡಿ."

"ಮರೆತಿಲ್ಲ. ಮೊದಲನೇ ಸಾಲಲ್ಲೇ ಬರೀತೀನಿ."

ಬರೆದಳು. ವರದಿಯ ವಾಕ್ಯಗಳನ್ನು ಅಡ್ಡಗೆರೆ ಎಳೆದು ಹೊಡೆದು, ಅವುಗಳ ಕೆಳಗೆ ತನ್ನ ತಪ್ಪನ್ನು, ಮೊದಲ ಪರೀಕ್ಷೆಯ ಅಂಕಿಯನ್ನು, ಅಕ್ಷರಗಳ ಸಾಲು ನೆಟ್ಟಗಿರುವುದನ್ನು, ಅರವತ್ತಮೂರು ಯಂತ್ರಗಳನ್ನು ತಕ್ಷಣ ನಿಲ್ಲಿಸಬೇಕೆಂಬುದನ್ನು ಬರೆದಳು. ಟೀಸರ ಬಟ್ಟಲಿನಲ್ಲಿ ಕಾಫಿ ಕೆನೆಗಟ್ಟುತ್ತಿತ್ತು. "ಸಂಜೆಯೊಳಗೆ ನಿಮ್ಮ ಮೇಜು ಖಾಲಿಯಾಗಿರತ್ತೆ," ಎಂದರು ಅವರು. "ಡಬ್ಬಿ ಒಂದೇ ಇರೋದು, ಬೇಗ ಖಾಲಿ ಮಾಡ್ತೀನಿ," ಎಂದು ಗುಡ್ರುನ್ ಸಹಿ ಹಾಕಿ, ಹಾಳೆಯನ್ನು ಹಿಡಿದು ಅಂಗಳದಾಚೆಯ ಕಾರ್ಮಿಕ ಮಂಡಳಿಯ ಕಚೇರಿಯತ್ತ ನಡೆದಳು. ಕೋಟು ಹಾಕಿಕೊಳ್ಳುವುದನ್ನು ಮರೆತಿದ್ದಳು. ಟೀಸ್ ಅವಸರದಿಂದ ಹಿಂಬಾಲಿಸಿದರು.

ಫರಿಯ ಅವಳ ಸಹಿಯನ್ನು ಕ್ಷಮಿಸಿದನೋ ಇಲ್ಲವೋ ತಿಳಿಯದು; ಅವಳು ಅಂಗಳ ದಾಟುವುದನ್ನು ನೋಡಲು ಅವನು ಕಿಟಕಿಯ ಬಳಿಗೆ ಹೋಗಲಿಲ್ಲ. ಸೀಳಿದ ಕೇಬಲ್ಲಿನ ಪಕ್ಕದಲ್ಲಿ ನಿಂತು, ಮೊದಲ ಹಿಡಿಕೆಯಿಂದ ಮತ್ತೊಮ್ಮೆ ಬೆರಳಿಟ್ಟು ನಡೆಯತೊಡಗಿದ. ಚೂರಿ ಹರಿದ ಕಡೆ ಅಕ್ಷರಗಳು ಎರಡಾಗಿ ಬಿರಿದಿದ್ದವು. ಅದರಾಚೆ ಸಾಲು ಮತ್ತೆ ನೆಟ್ಟಗೆ ಮುಂದುವರಿದಿತ್ತು.

ನಿಮ್ಮ ಊರಿನಲ್ಲಿಯೂ ಯಂತ್ರಗಳಿವೆ, ಅವುಗಳ ಕೆಳಗೆ ನಿಂತವರಿದ್ದಾರೆ. ನಾಳೆ ಅಲ್ಲೊಂದು ಅಪಘಾತವಾಗಿ, ಜೋಡಿಸಿದವನ ಹೆಸರು ಬರೆದ ಕಾಗದವೊಂದು ನಿಮ್ಮ ಮುಂದೆ ಬಂದರೆ, ದಯವಿಟ್ಟು ಲೇಖನಿಯನ್ನು ಕೆಳಗಿಡಿ. ಎದ್ದು ಹೋಗಿ, ಬಿಳಿ ಅಕ್ಷರಗಳ ಮೇಲೆ ಬೆರಳಿಟ್ಟು, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಿರಿ.