ಇಳಿದುಹೋದ ಕೆಂಪು ಬಾವುಟ

ಜೂನ್ ತಿಂಗಳ ಮೊದಲ ಹುಲ್ಲು ಕೊಯ್ಲು. ನಮ್ಮ ವಿಸ್ಕಾನ್ಸಿನ್ ಗುಡ್ಡಗಳಲ್ಲಿ ಮೂರು ದಿನ ಬಿಸಿಲು ಸಿಕ್ಕರೆ ಯಾರೂ ಮನೆಯಲ್ಲಿ ಕೂರುವುದಿಲ್ಲ. ಪಕ್ಕದ ಮನೆಯ ಐನಾರ್ ಮತ್ತು ಅವನ ಹೆಂಡತಿ ಲೋರ್ನಾ ಬೆಳಗಿನಿಂದ ಗುಡ್ಡದ ಹಿಂದಿನ ಹೊಲದಲ್ಲಿದ್ದರು. ನಾನೂ ಅವರ ಗಾಡಿಗೆ ಹುಲ್ಲಿನ ಪಿಂಡಿ ಏರಿಸುತ್ತಿದ್ದೆ.

ಹೊಲಕ್ಕೆ ಬರುವ ಮುಂಚೆ ಲೋರ್ನಾ ರಸ್ತೆ ಬದಿಯ ತಮ್ಮ ಅಂಚೆಪೆಟ್ಟಿಗೆಯಲ್ಲಿ ಒಂದು ಲಕೋಟೆ ಇಟ್ಟು, ಒಯ್ಯುವ ಕಾಗದವಿದೆ ಎಂದು ಅಂಚೆಯವಳಿಗೆ ತಿಳಿಯಲು ಕೆಂಪು ಬಾವುಟ ಎತ್ತಿದ್ದಳು. ಮೂರು ಚಳಿಗಾಲ ಕೂತು ಹೊಲಿದ ಕೌದಿಯನ್ನು ಜಿಲ್ಲಾ ಮೇಳದ ಸ್ಪರ್ಧೆಗೆ ಕೊಡುವ ಅರ್ಜಿ ಅದು. ಅಂದಿನ ತಾರೀಖಿನ ಮೊಹರು ಬೀಳದಿದ್ದರೆ ಈ ವರ್ಷ ಕೌದಿಗೆ ಕಪಾಟೇ ಗತಿ.

ನಾಲ್ಕೂವರೆಗೆ ನೀರು ತರಲು ಹೋದ ಐನಾರ್ ಮರಳಿ ಬಂದು, ಬಾವುಟ ಮೇಲಿತ್ತು, ಒಂದೇ ಕಾಗದ ಬಂದಿದೆ, ತೆಗೆದುಕೊಂಡು ಬಾವುಟ ಇಳಿಸಿ ಬಂದೆ ಎಂದ. ಅವನು ಬೆಳೆದ ಕಣಿವೆಯಲ್ಲಿ ಅಂಚೆಯವನು ಟಪಾಲು ಹಾಕಿದ ಮೇಲೆ ಬಾವುಟ ಎತ್ತುತ್ತಿದ್ದ. ಆತುರದಲ್ಲಿ ಐನಾರನ ಕೈಗೆ ಇಂದಿಗೂ ಅದೇ ಅಭ್ಯಾಸ.

ಲೋರ್ನಾ ಲಕೋಟೆಯ ಮೇಲೆ ತನ್ನದೇ ಕೈಬರಹ ನೋಡಿದಳು.

"ಕನ್ನಡಕ ಎಲ್ಲಿ?"

"ಟ್ರ್ಯಾಕ್ಟರಲ್ಲಿದೆ."

"ಟ್ರ್ಯಾಕ್ಟರು ಓದ್ತಿತ್ತಾ?"

ಕಾಗದ ಪೆಟ್ಟಿಗೆಯಲ್ಲೇ ಇದ್ದಿತೆಂದರೆ ಅಂಚೆಯವಳಾದ ಮಾರ್ಲಿಸ್ ಆಗ ಬಂದಿರಲಿಲ್ಲ. ಆದರೆ ಆಮೇಲೆ ಬಂದು, ಇಳಿದ ಬಾವುಟ ಕಂಡು ದಾಟಿಹೋಗಿದ್ದರೆ? ಲೋರ್ನಾ ಅಂಚೆ ಕಚೇರಿಗೆ ಫೋನು ಮಾಡಿದಳು. ಸಾಮಾನ್ಯವಾಗಿ ಐದರೊಳಗೆ ಬಟವಾಡೆ ಮುಗಿಯುತ್ತದೆ, ಹೊರೆ ಹೆಚ್ಚಿದ್ದರೆ ತಡವಾದೀತು, ಮಾರ್ಲಿಸ್ ಇನ್ನೂ ಮರಳಿಲ್ಲ ಎಂದರು. ಮೂವರೂ ಟ್ರ್ಯಾಕ್ಟರು ಹತ್ತಿ ಅಂಚೆಪೆಟ್ಟಿಗೆಯ ಬಳಿಗೆ ಬಂದೆವು.

ರಸ್ತೆಯಲ್ಲಿ ಯಾರೂ ಇರಲಿಲ್ಲ. ಐದಾಯಿತು. ಐದೂ ಹತ್ತಾಯಿತು. ಐನಾರ್ ಟೋಪಿ ತೆಗೆದು ನೋಡಿ ಮತ್ತೆ ಹಾಕಿಕೊಂಡ.

ಮೊದಲು ಕೇಳಿಸಿದ್ದು ಚಿಲಿಪಿಲಿ, ಆಮೇಲೆ ಕಾರು. ಹಿಂದಿನ ಸೀಟಿನ ತುಂಬ ರಂಧ್ರದ ಪೆಟ್ಟಿಗೆಗಳಲ್ಲಿ, ಮನೆಮನೆಗೆ ಅಂಚೆಯಲ್ಲಿ ಬಂದ ಕೋಳಿಮರಿಗಳು.

"ಐದಕ್ಕೆ ಮುಗೀಬೇಕು ಅಂತ ನಂಗೂ ಗೊತ್ತು ಮಾರಾಯ್ತಿ," ಎಂದಳು ಮಾರ್ಲಿಸ್. "ಮರಿಗಳ್ಗೆ ಗೊತ್ತಿಲ್ಲ. ಒಂದೊಂದು ಮನೇಲೂ ಮರಿ ಎಲ್ಲ ಎಣಿಸ್ದೆ ನನ್ನ ಬಿಡಲ್ಲ. ನಿಮಗೆ ಇವತ್ತು ಟಪಾಲೂ ಇಲ್ಲ, ಬಾವುಟಾನೂ ಇಲ್ಲ. ನೀವು ನಿಂತಿರ್ದಿದ್ರೆ ಹೋಗೇಬಿಡ್ತಿದ್ದೆ."

ಆರಕ್ಕೆ ಕಚೇರಿಗೆ ಬರುವ ಟಪಾಲು ಲಾರಿಗೆ ಮುಂಚೆ ತಾನೇ ನಿಂತು ಮೊಹರು ಹಾಕಿಸುವೆನೆಂದು ಮಾರ್ಲಿಸ್ ಲಕೋಟೆಯನ್ನು ಕಾರಿನ ಮುಂಗಾಜಿನ ಬಳಿ ಸಿಕ್ಕಿಸಿಕೊಂಡು ಹೊರಟಳು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಐನಾರ್, ಹಾಗಾದರೆ ತನ್ನಿಂದೇನೂ ಕೆಟ್ಟಿಲ್ಲವಲ್ಲ ಎಂದ. ಆ ಸಂಜೆ ಹಾಲು ಕರೆಯುವ ಸರದಿ ಲೋರ್ನಾಳದು.

"ಇವತ್ತಿಂದು ನೀನು ಕರಿ," ಎಂದಳು. "ಕೌದಿಗೆ ಬಹುಮಾನ ಬಂದ್ರೆ ಅಲ್ಲಿಗೆ ಚುಕ್ತಾ. ಬರ್ದಿದ್ರೆ ಚಳಿಗಾಲದ ನನ್ ಸರದೀನೂ ನಿನ್ ಬಾಕಿ."

ಐನಾರ್ ಕೊಟ್ಟಿಗೆಗೆ ನಡೆದ. ಆ ವಾರವೆಲ್ಲ ಅವನು ಕಂಡವರ ಮುಂದೆ ಕೌದಿಯನ್ನು ಹೊಗಳಿದ್ದೇ ಹೊಗಳಿದ್ದು.