ಬಲಕ್ಕೆ ಬಾಗಿದ ಮೂಗುಬೊಟ್ಟು

ನಾನು ಒಂದು ಮೂಗುಬೊಟ್ಟು. ತೂಕ ಒಂದು ಗ್ರಾಮಿಗೂ ಕಡಿಮೆ. ನಡುವೆ ಒಂದು ಕೆಂಪು ಕಲ್ಲು, ಸುತ್ತ ಹೂವಿನ ಎಸಳಿನಂತೆ ಆರು ಬಿಳಿ ಕಲ್ಲು, ಹಿಂದೆ ಒಂದು ಸಣ್ಣ ತಂತಿ. ಇಷ್ಟೇ ನಾನು. ಗಾತ್ರ ನೋಡಿ ಹಗುರವಾಗಿ ಕಾಣಬೇಡಿ. ಮುಖದ ನಟ್ಟನಡುವೆ ಕೂರುವ ಭಾಗ್ಯ ಸರಕ್ಕೂ ಇಲ್ಲ, ಬಳೆಗೂ ಇಲ್ಲ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇರುವುದು ನಿಜ.

ನಾನು ಹುಟ್ಟಿದ್ದು ದೊಡ್ಡ ಊರೊಂದರ ಕಾರ್ಖಾನೆಯ ಮೂರನೇ ಮಹಡಿಯಲ್ಲಿ. ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ ಕೆಲಸಗಾರನೊಬ್ಬ ನನ್ನ ಕಲ್ಲುಗಳನ್ನು ಉಸಿರು ಬಿಗಿಹಿಡಿದು ಒಂದೊಂದಾಗಿ ಕೂರಿಸಿದ. ಹದಿನೆಂಟು ಕ್ಯಾರೆಟ್ ಚಿನ್ನ. ಇಪ್ಪತ್ತೆರಡಾದರೆ ಮೆತ್ತಗಾಗಿ ಕಲ್ಲು ಸಡಿಲವಾಗುತ್ತದಂತೆ. ಎಲ್ಲ ಮುಗಿದರೂ ನನ್ನ ತಂತಿಯನ್ನು ಮಾತ್ರ ನೇರವಾಗಿಯೇ ಬಿಟ್ಟರು. ಅದರ ತುದಿಯನ್ನು ಯಾವ ಕಡೆ ಬಗ್ಗಿಸಬೇಕೆನ್ನುವುದು ಧರಿಸುವವರ ಮೂಗಿಗೆ ಬಿಟ್ಟದ್ದು. ಎಡ ಹೊಳ್ಳೆಗೆ ಒಂದು ಬಾಗು, ಬಲ ಹೊಳ್ಳೆಗೆ ಅದರ ತಿರುವುಮುರುವು. ಅದಲುಬದಲಾದರೆ ಹೂವು ನೆಟ್ಟಗೆ ಕೂರುವುದಿಲ್ಲ, ತುದಿ ಒಳಗೆ ಚುಚ್ಚುತ್ತದೆ.

ಫೋನಿನಲ್ಲಿ ಜನ ನೋಡುತ್ತಿದ್ದುದು ನನ್ನನ್ನಲ್ಲ, ಮಾದರಿಗೆಂದು ಮೊದಲು ಮಾಡಿದ ನನ್ನ ಅಕ್ಕನನ್ನು. ಅವಳನ್ನು ಬಿಳಿ ಬೆಳಕಿನಲ್ಲಿ ಕೂರಿಸಿ ಹತ್ತು ದಿಕ್ಕಿನಿಂದ ಫೋಟೋ ತೆಗೆದಿದ್ದರು. ಪರದೆಯ ಮೇಲೆ ಅವಳು ಸೇವಂತಿಗೆಯಷ್ಟು ದೊಡ್ಡದಾಗಿ ಕಾಣುತ್ತಿದ್ದಳು. ಅವಳನ್ನು ನೋಡಿ ಕೊಂಡವರ ಮನೆಗೆ ಹೋಗುವುದು ನನ್ನಂಥ ತಂಗಿಯರು. ಒಂದು ಬೆಳಿಗ್ಗೆ ನನ್ನ ಹೆಸರಿಗೂ ಚೀಟಿ ಬಂತು.

“ಬಲ ಅಂತೆ. ಅಪರೂಪ,” ಎಂದ ಕೆಲಸಗಾರ. ಚಿಮಟದಲ್ಲಿ ಹಿಡಿದು ತಂತಿಯನ್ನು ಬಲಹೊಳ್ಳೆಗೆ ತಕ್ಕಂತೆ ಬಗ್ಗಿಸಿದ. ಅಷ್ಟೇ, ನನ್ನ ಹಣೆಬರಹ ಮುಗಿಯಿತು.

ಹತ್ತಿಯೊಳಗೆ ನಾನು, ಹತ್ತಿಯ ಹೊರಗೆ ಡಬ್ಬಿ, ಡಬ್ಬಿಯ ಹೊರಗೆ ಪೆಟ್ಟಿಗೆ, ಪೆಟ್ಟಿಗೆಯ ಹೊರಗೆ ಇನ್ನೊಂದು ಪೆಟ್ಟಿಗೆ. ಜೊತೆಗೆ ನಾನು ಅಸಲಿ ಎಂದು ಸಾರುವ, ನನಗಿಂತ ಐವತ್ತು ಪಟ್ಟು ದೊಡ್ಡದಾದ ಒಂದು ಕಾರ್ಡು. ಆರನೆಯ ದಿನ ಅರಸೀಕೆರೆಯ ರೈಲ್ವೆ ಸ್ಟೇಷನ್ ರಸ್ತೆಯಲ್ಲಿರುವ ಒಂದು ಕಟಿಂಗ್ ಶಾಪಿನಲ್ಲಿ ನನ್ನನ್ನು ಇಳಿಸಿದರು. ಪಾರ್ಸೆಲ್ ತಂದವನು ಓಟಿಪಿ ಕೇಳಿದ. ಅಂಗಡಿಯ ಯಜಮಾನರು ಗಿರಾಕಿಯೊಬ್ಬರ ಒಂದು ಕೆನ್ನೆಯನ್ನು ನೊರೆಯಲ್ಲೇ ಬಿಟ್ಟು, ನೊರೆಗೈಯಲ್ಲೇ ಫೋನು ಹಿಡಿದು ನಂಬರು ಓದಿ ಹೇಳಿದರು. ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡಾಗ ಅವರ ಎದೆ ಹೊಡೆದುಕೊಳ್ಳುತ್ತಿದ್ದುದು ನನಗೆ ಅಷ್ಟು ಹೊದಿಕೆಯ ಒಳಗೂ ತಿಳಿಯಿತು.

ಅವರ ಹೆಸರು ರಂಗಧಾಮಯ್ಯ. ನನ್ನನ್ನು ತರಿಸಿದ್ದು ಹೆಂಡತಿ ಸರ್ವಮಂಗಳಮ್ಮನಿಗೆ. ಯಾಕೆ ತರಿಸಿದರು ಎನ್ನುವುದನ್ನು ನಾನು ಆ ಮನೆ ಸೇರಿದ ಮೇಲೆ ಹಲವು ಬಾರಿ ಕೇಳಿ ತಿಳಿದೆ.

ಅದಕ್ಕೆ ಮೂರು ತಿಂಗಳ ಹಿಂದೆ ಸರ್ವಮಂಗಳಮ್ಮನಿಗೆ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿತ್ತು. ಮೈಮೇಲೆ ಏನೂ ಇರಕೂಡದು ಎಂದು ನರ್ಸಮ್ಮ ಎಲ್ಲವನ್ನೂ ತೆಗೆಸಿದ್ದರು. ಮೂಗುಬೊಟ್ಟು ಮಾತ್ರ ಬರಲೊಲ್ಲದು. ಆಕೆಯ ತಾಯಿ ತಮ್ಮ ಮೂಗಿನಿಂದ ಬಿಚ್ಚಿ ಮದುವೆಯ ದಿನ ಮಗಳಿಗೆ ಹಾಕಿದ್ದ ಬೊಟ್ಟು ಅದು. ಮೂವತ್ತು ವರ್ಷ ಅಲುಗದೆ ಕೂತಿತ್ತು. ಸೋಪು ಹಚ್ಚಿ ತೆಗೆದು ರಂಗಧಾಮಯ್ಯನವರ ಅಂಗೈಗೆ ಕೊಟ್ಟರು. ಅವರು ಅಂಗಿ ಜೇಬಿನಲ್ಲಿ ಕೈಗೆ ಸಿಕ್ಕ ಕಾಗದದಲ್ಲಿ ಮಡಿಚಿಟ್ಟುಕೊಂಡರು. ಅದು ಬ್ಲೇಡಿನ ಕಾಗದ. ಅವರ ಜೇಬಿನಲ್ಲಿ ಇನ್ಯಾವ ಕಾಗದ ಇದ್ದೀತು? ನಾಲ್ಕು ದಿನದ ಮೇಲೆ ಅಂಗಡಿ ತೆರೆದವರು, ಮೂವತ್ತು ವರ್ಷದಿಂದ ಮಾಡಿದ ಹಾಗೆಯೇ, ಜೇಬಿನಲ್ಲಿದ್ದ ಬ್ಲೇಡಿನ ಕಾಗದವನ್ನು ತೆಗೆದು ಹಳೇ ಬ್ಲೇಡುಗಳ ಡಬ್ಬಕ್ಕೆ ಹಾಕಿದರು. ಡಬ್ಬ ಕಸದ ಗಾಡಿಗೆ ಹೋಯಿತು. ನೆನಪಾಗುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಅಂಗಡಿಯಲ್ಲಿದ್ದ ಕೂದಲಿನ ಗೋಣಿಚೀಲವನ್ನೆಲ್ಲ ಸುರಿದು, ನೆಲದ ಮೇಲೆ ಕೂತು ಊರಿನವರ ಕೂದಲನ್ನು ಎಳೆ ಎಳೆಯಾಗಿ ಜಾಲಾಡಿದರು. ಸಿಗಲಿಲ್ಲ.

ಸರ್ವಮಂಗಳಮ್ಮ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಗಂಡನಿಗೆ ಸಲೀಸಾಗುತ್ತಿತ್ತು. ತೂತು ಮುಚ್ಚಿಹೋಗದಿರಲಿ ಎಂದು ಒಂದು ಬೇವಿನ ಕಡ್ಡಿಯ ತುಣುಕು ಸಿಕ್ಕಿಸಿಕೊಂಡು, “ಬೇರೆ ತರಬೇಡಿ. ನಮ್ಮಮ್ಮನ ಜಾಗಕ್ಕೆ ಇನ್ನೊಂದು ಹಾಕ್ಕೊಳಕ್ಕೆ ನಂಗೆ ಮನಸ್ಸಾಗಲ್ಲ,” ಎಂದರು. ಆ ಕಡ್ಡಿ ಪ್ರತಿ ಊಟದಲ್ಲೂ ರಂಗಧಾಮಯ್ಯನವರ ಕಣ್ಣೆದುರಿಗೇ ಇರುತ್ತಿತ್ತು. ಹಾಗೆಯೇ ಇದ್ದರೂ ಇರುತ್ತಿತ್ತೇನೋ, ಆದರೆ ಮಗಳು ಭವ್ಯಳ ಸೀಮಂತ ಗೊತ್ತಾಯಿತು. ಬೀಗರ ಎದುರು ಹೆತ್ತತಾಯಿ ಮೂಗಿಗೆ ಕಡ್ಡಿ ಇಟ್ಟುಕೊಂಡು ಆರತಿ ಎತ್ತುವುದೇ? ಕಳೆದವರು ತಾವು, ತರಬೇಕಾದವರೂ ತಾವು ಎಂದು ನಿಶ್ಚಯ ಮಾಡಿದರು.

ಊರಿನ ಚಿನ್ನದಂಗಡಿಗೆ ಹೋಗುವಂತಿರಲಿಲ್ಲ. ಅಲ್ಲಿನವರೆಲ್ಲ ಅವರ ಗಿರಾಕಿಗಳು. ಕಟಿಂಗ್ ಶಾಪಿನಲ್ಲಿ ಕೂತವರ ಬಾಯಿ ಎಂಥದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಹೆಂಡತಿಯ ಮೂಗಿಗೆ ಮುಟ್ಟುವ ಮೊದಲೇ ಸುದ್ದಿ ಕಿವಿಗೆ ಮುಟ್ಟುತ್ತಿತ್ತು. ಹಾಗಾಗಿ ಮಂಗಳವಾರ, ಅಂಗಡಿ ರಜೆಯ ದಿನ, ಬಾಗಿಲು ಅರ್ಧ ಎಳೆದುಕೊಂಡು ಗಿರಾಕಿಗಳ ಕುರ್ಚಿಯಲ್ಲಿ ತಾವೇ ಕೂತು ಫೋನು ಹಿಡಿದರು. ಕಣ್ಣು ಮುಚ್ಚಿ ಕೊಳ್ಳುವ ಆಸಾಮಿಯಲ್ಲ. ಕೊಂಡವರು ಬರೆದದ್ದನ್ನೆಲ್ಲ ಓದಿದರು. ಚೆನ್ನಾಗಿದೆ ಎಂದವರನ್ನು ಬಿಟ್ಟು ಚೆನ್ನಾಗಿಲ್ಲ ಎಂದವರನ್ನು ಎರಡೆರಡು ಸಲ ಓದಿದರು. ಕಲ್ಲು ಬಿದ್ದರೆ ಯಾರು ಹೊಣೆ, ವಾಪಸು ತೆಗೆದುಕೊಳ್ಳುತ್ತಾರೋ ಇಲ್ಲವೋ ನೋಡಿದರು. ಕಂಪನಿಗೆ ಫೋನು ಮಾಡಿ, “ಅಂಚು ನುಣ್ಣಗಿದೆಯೇನಮ್ಮಾ? ಮೂಗಿನ ಚರ್ಮ ಬಾಳ ಸೂಕ್ಷ್ಮ. ನಾನು ದಿನಾ ಮುಟ್ಟೋನು, ನಂಗೊತ್ತು,” ಎಂದು ವಿಚಾರಿಸಿದರು. ಎಲ್ಲ ಆದ ಮೇಲೆ ಪರದೆ ಕೊನೆಯ ಪ್ರಶ್ನೆ ಕೇಳಿತು: ಎಡವೋ, ಬಲವೋ?

ಅವರು ಕಣ್ಣು ಮುಚ್ಚಿ ಹೆಂಡತಿಯ ಮುಖ ನೆನೆದರು. ಬಲಕ್ಕೆ ಕಂಡಿತು. ಸಾಲದೆಂದು ಫೋನಿನಲ್ಲಿದ್ದ ಮದುವೆಯ ಫೋಟೋ ತೆಗೆದು ನೋಡಿದರು. ಅದರಲ್ಲೂ ಬಲಕ್ಕೇ ಇತ್ತು. ಬಲ ಎಂದು ಒತ್ತಿದರು.

ಇನ್ನೊಬ್ಬ ಗಂಡನಾಗಿದ್ದರೆ ಅಲ್ಲಿ ಒಂದು ಕ್ಷಣ ತಡೆಯುತ್ತಿದ್ದನೋ ಏನೋ. ಆದರೆ ಇವರು ಮೂವತ್ತು ವರ್ಷ ಮುಖಗಳನ್ನು ನೋಡಿದ್ದು ಗಿರಾಕಿಯ ಹಿಂದೆ ನಿಂತು, ಕನ್ನಡಿಯಲ್ಲಿ. ಅಲ್ಲಿ ಎಡಕ್ಕೆ ಕಂಡದ್ದು ಎಡಗೆನ್ನೆ, ಬಲಕ್ಕೆ ಕಂಡದ್ದು ಬಲಗೆನ್ನೆ. ಯೋಚಿಸಬೇಕಾಗಿಯೇ ಇರಲಿಲ್ಲ. ಹೆಂಡತಿಯನ್ನು ಮಾತ್ರ ಅವರು ಯಾವಾಗಲೂ ಎದುರು ಕೂತು ನೋಡಿದವರು. ಎದುರು ಕೂತವರಿಗೆ ಆಕೆಯ ಎಡ ಬಲವಾಗಿ ಕಾಣುತ್ತದೆ ಎನ್ನುವುದು ಅವರಿಗೆ ಹೊಳೆಯಲೇ ಇಲ್ಲ.

ನಾನು ಬಂದದ್ದು ಬುಧವಾರ. ಸೀಮಂತ ಭಾನುವಾರ. ಅಂದು ಮಧ್ಯಾಹ್ನ ಊಟಕ್ಕೆ ಬಂದ ರಂಗಧಾಮಯ್ಯ ಡಬ್ಬಿಯನ್ನು ಉಪ್ಪಿನಕಾಯಿ ಭರಣಿಯ ಪಕ್ಕ ಇಟ್ಟು, ಏನೂ ಆಗದವರ ಹಾಗೆ ಮುದ್ದೆ ಮುರಿಯತೊಡಗಿದರು. ಸರ್ವಮಂಗಳಮ್ಮ ಬಿಚ್ಚಿದರು. ನಾನು ಆ ಮುಖವನ್ನು ಮೊದಲ ಬಾರಿ ನೋಡಿದ್ದು ಆಗ. ಕಣ್ಣು ತುಂಬಿಕೊಂಡಿತು. ಸಂತೋಷಕ್ಕೋ ಸಂಕಟಕ್ಕೋ ನನಗೆ ತಿಳಿಯಲಿಲ್ಲ.

“ಬೇಡ ಅಂದಿದ್ನಲ್ರೀ.”

“ಭವ್ಯನ ಅತ್ತೆ ಮುಂದೆ ಕಡ್ಡಿ ಹಾಕ್ಕೊಂಡ್ ನಿಂತ್ಕತೀಯಾ? ನನ್ನಿಂದ ನೋಡಕ್ಕಾಗಲ್ಲ ಮಂಗಳಾ. ಹಾಕ್ಕೋ.”

ಆ ಧ್ವನಿಗೆ ಆಕೆ ಎದುರಾಡಲಿಲ್ಲ. ಕಡ್ಡಿ ತೆಗೆದು, ಕನ್ನಡಿಯ ಮುಂದೆ ನಿಂತು ನನ್ನನ್ನು ಎಡಹೊಳ್ಳೆಗೆ ಏರಿಸಿದರು. ನಾನು ಕೂರಲಿಲ್ಲ. ಎಷ್ಟು ಪ್ರಯತ್ನಪಟ್ಟರೂ ಹೂವು ಓರೆಯಾಗಿ ಕಿವಿಯ ಕಡೆಗೆ ತಿರುಗಿತು, ತುದಿ ಒಳಗೆ ಚುಚ್ಚಿತು. ಒಂದು ಹನಿ ರಕ್ತ ಬಂತು. ನನಗೆ ನಾಚಿಕೆಯಾಯಿತು.

“ಇದು ಬಲಗಡೆದು ಕಣ್ರೀ.”

ರಂಗಧಾಮಯ್ಯನವರ ಕೈ ತಟ್ಟೆಯಲ್ಲೇ ನಿಂತಿತು. “ಮೂವತ್ತು ವರ್ಷ ಆಯ್ತು,” ಎಂದರು. “ನಿನ್ ಮೂಗುಬೊಟ್ಟು ಯಾವ ಕಡೆ ಅಂತಾನೂ ಗೊತ್ತಿಲ್ವಲ್ಲ ನಂಗೆ. ನಿಮ್ಮಮ್ಮಂದು ಕಳ್ದೆ. ಇದನ್ನ ತಪ್ಪು ತಂದೆ. ಊರೋರ ಮುಖ ಎಲ್ಲಾ ನೋಡ್ದೆ, ನಿನ್ ಮುಖ ನೋಡ್ಲಿಲ್ಲ.” ತಟ್ಟೆ ಸರಿಸಿಬಿಟ್ಟರು.

ಸರ್ವಮಂಗಳಮ್ಮ ಬಂದು ಅವರ ಎದುರಿಗೇ ಕೂತರು. “ಕೈ ತೊಳ್ಕೊಂಡು, ಮುಟ್ಟಿ ತೋರ್ಸಿ. ಬೊಟ್ಟು ಎಲ್ಲಿತ್ತು?”

ಅವರು ಕೈ ತೊಳೆದು ಬಂದು ಬೆರಳು ಚಾಚಿದರು. ಬೆರಳು ಒಂದಿಷ್ಟೂ ಅಲುಗದೆ ನೇರ ಹೋಗಿ ಆ ಖಾಲಿ ತೂತಿನ ಮೇಲೆಯೇ ಕೂತಿತು.

“ಸರಿಯಾಗೇ ಮುಟ್ಟಿದ್ರಲ್ಲ. ಇದ್ಯಾವ ಕಡೆ?”

“ಬಲಗಡೆ.”

“ನಿಮ್ಗೆ ಬಲ. ನಂಗೆ ಎಡ!” ಎಂದು ಆಕೆ ನಗತೊಡಗಿದರು. ನಕ್ಕು ನಕ್ಕು ಹೊಲಿಗೆ ಹಾಕಿದ್ದ ಹೊಟ್ಟೆ ಹಿಡಿದುಕೊಂಡರು. ಆಪರೇಷನ್ ಆದ ಮೇಲೆ ಆ ಮನೆಯಲ್ಲಿ ಅದೇ ಮೊದಲ ನಗುವಂತೆ. ರಂಗಧಾಮಯ್ಯ ಮಾತ್ರ ನಗಲಿಲ್ಲ. ಬದಲಾಯಿಸಿ ಕಳಿಸಲು ಹತ್ತು ದಿನ ಬೇಕೆಂದು ಕಂಪನಿಯವರು ಮೊದಲೇ ಫೋನಿನಲ್ಲಿ ಹೇಳಿದ್ದರು. ಸೀಮಂತಕ್ಕೆ ಇದ್ದದ್ದು ನಾಲ್ಕು ದಿನ.

ಮರುದಿನ ಇಬ್ಬರೂ ನನ್ನನ್ನು ತೆಗೆದುಕೊಂಡು ವೀರಭದ್ರಾಚಾರ್ ಎಂಬ ಅಕ್ಕಸಾಲಿಗರ ಬಳಿ ಹೋದರು. ಊರಿಗೆ ಗೊತ್ತಾಗಬಾರದೆಂದಿದ್ದ ಗುಟ್ಟು ಅಲ್ಲಿಗೆ ಮುಗಿಯಿತು. ಆಚಾರರು ನನ್ನನ್ನು ತಿರುಗಿಸಿ ನೋಡಿ, “ಮಾಲು ಚೆನ್ನಾಗೈತೆ. ಆದ್ರೆ ಈ ತಂತಿ ತಿರುಗಿ ಬಗ್ಸಬೇಕಂದ್ರೆ ಕಾಯಿಸ್ಬೇಕು. ಕೆಂಪು ಕಲ್ಲು ಸೀಳಿದ್ರೆ ನನ್ನ ಕೇಳ್ಬೇಡಿ,” ಎಂದರು.

“ಅದನ್ಯಾಕೆ ಬಗ್ಗಿಸ್ತೀರಿ?” ಎಂದರು ಸರ್ವಮಂಗಳಮ್ಮ. “ಈ ಕಡೆ ಚುಚ್ಚಿ.” ಬೆರಳು ಬಲಹೊಳ್ಳೆಯ ಮೇಲಿತ್ತು.

ರಂಗಧಾಮಯ್ಯ ಗಾಬರಿಯಾದರು. “ಈ ವಯಸ್ನಲ್ಲಿ ಚುಚ್ಚಿಸ್ಕತೀಯಾ? ಹುಚ್ಚಾ ನಿಂಗೆ?”

“ಆ ಕಡೇದು ನಮ್ಮಮ್ಮಂದು. ಅದ್ರ ಜಾಗಕ್ಕೆ ಇನ್ಯಾವ್ದೂ ಬೇಡ, ಮುಚ್ಕೊಂಡ್ರೆ ಮುಚ್ಕೊಳ್ಲಿ. ನೀವು ಇಲ್ಲಿಗೆ ಅಂತ ತಾನೆ ತರ್ಸಿದ್ದು? ಇಲ್ಲೇ ಇರ್ಲಿ.”

ಮೊದಲು ಬರೀ ತಂತಿ ಹಾಕಿ, ಗಾಯ ಒಣಗಿದ ಮೇಲೆ ಬೊಟ್ಟು ಹಾಕುವುದು ರೂಢಿ ಎಂದು ಆಚಾರರು ಹೇಳಿ ನೋಡಿದರು. ಆಕೆ ಒಪ್ಪಲಿಲ್ಲ. ನನ್ನನ್ನು ಬಿಸಿನೀರಿನಲ್ಲಿ ತೊಳೆದು ಬಟ್ಟೆಯ ಮೇಲಿಟ್ಟರು. ದಿನವಿಡೀ ಜನರ ಗಂಟಲ ಮೇಲೆ ಕತ್ತಿಯಾಡಿಸುವ ರಂಗಧಾಮಯ್ಯ ಆ ಸೂಜಿಯನ್ನು ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತರು. ಆಕೆ ಕುರ್ಚಿಯ ಕೈಯನ್ನಲ್ಲ, ಅವರ ಅಂಗಿಯ ತುದಿಯನ್ನು ಹಿಡಿದುಕೊಂಡರು. ಸೂಜಿ ಹೋಯಿತು. ಹಿಂದೆಯೇ ನಾನು ಹೋದೆ. ನೆಟ್ಟಗೆ, ಒಂದೇ ಸಲಕ್ಕೆ ಕೂತೆ.

ಭಾನುವಾರ ಸೀಮಂತದಲ್ಲಿ ಆಕೆಯ ಮೂಗು ಊದಿ ಬದನೆಕಾಯಿಯಾಗಿತ್ತು. ಅರಿಶಿನ, ಕೊಬ್ಬರಿ ಎಣ್ಣೆ ಬಳಿದುಕೊಂಡೇ ಮಗಳಿಗೆ ಆರತಿ ಎತ್ತಿದರು. “ಬಸುರಿ ಮಗಳೋ ತಾಯಿಯೋ, ಹೊಸ ಒಡವೆ ತಾಯಿಗೆ ಬಂದೈತಲ್ಲ!” ಎಂದು ಬೀಗಿತ್ತಿ ಕೆಣಕಿದರು. ಚಪ್ಪರದ ಮೂಲೆಯಲ್ಲಿ ರಂಗಧಾಮಯ್ಯ ಮೂರು ತಿಂಗಳ ಮೇಲೆ ಹೊಟ್ಟೆ ತುಂಬ ಉಂಡರು.

ಆಮೇಲಿನ ಹನ್ನೊಂದು ವರ್ಷಗಳನ್ನು ನಾನು ಆ ಮೂಗಿನ ಮೇಲೆಯೇ ಕಳೆದೆ. ಒಗ್ಗರಣೆಯ ಘಾಟು, ನೆಗಡಿ, ಮೊಮ್ಮಗುವಿನ ಎಳೆಗೈಯ ಜಗ್ಗಾಟ ಎಲ್ಲ ಕಂಡೆ. ಎಡದ ತೂತು ಮುಚ್ಚಿ ಒಂದು ಸಣ್ಣ ಚುಕ್ಕೆಯಾಯಿತು. ರಂಗಧಾಮಯ್ಯ ಒಂದು ಹೊಸ ಪಾಠ ಕಲಿತರು. ಹೆಂಡತಿ ಎಲ್ಲಿಗಾದರೂ ಹೊರಟಾಗ ಗಿರಾಕಿಯ ಹಿಂದೆ ನಿಲ್ಲುವ ಹಾಗೆ ಆಕೆಯ ಹಿಂದೆ ಬಂದು ನಿಂತು, ಕನ್ನಡಿಯಲ್ಲಿ ನನ್ನನ್ನು ನೋಡಿ, “ಈಗ ಹೇಳು, ಯಾವ ಕಡೆ?” ಎನ್ನುತ್ತಿದ್ದರು. “ಬಲಗಡೆನೇ,” ಎನ್ನುತ್ತಿದ್ದರು ಆಕೆ. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಮೊದಮೊದಲು ನನಗೆ ಬೇಜಾರಾಗುತ್ತಿತ್ತು. ಆಮೇಲೆ ಅದಕ್ಕೇ ಕಾಯತೊಡಗಿದೆ.

ಒಂದು ಮಂಗಳವಾರ ಮಧ್ಯಾಹ್ನ ಊಟ ಮಾಡಿ ಒರಗಿದ ರಂಗಧಾಮಯ್ಯ ಏಳಲಿಲ್ಲ.

ಕರ್ಮದ ದಿನ ಹೆಂಗಸರು ಸೇರಿ ಸರ್ವಮಂಗಳಮ್ಮನ ಬಳೆ ತೆಗೆದರು, ಕಾಲುಂಗುರ ತೆಗೆದರು, ತಾಳಿ ತೆಗೆದರು. ಆಕೆ ಸುಮ್ಮನೆ ಕೈ ಚಾಚಿ ಕೊಟ್ಟರು, ಕಾಲು ಚಾಚಿ ಕೊಟ್ಟರು. ಕೊನೆಗೆ ರಂಗಧಾಮಯ್ಯನವರ ಅಕ್ಕ ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ಬೆರಳು ತಂದರು. “ಅದ್ನೂ ತೆಗೀಬೇಕಮ್ಮಾ ಮಂಗಳಾ.”

ನಾನು ಹೆದರಿದೆ. ನನ್ನ ತಂತಿ ಆ ಮಾಂಸದೊಳಗೆ ಇನ್ನಷ್ಟು ಬಿಗಿದುಕೊಳ್ಳುವಂತಿದ್ದರೆ ಎಂದು ಮೊದಲ ಬಾರಿಗೆ ಅನಿಸಿತು.

ಸರ್ವಮಂಗಳಮ್ಮ ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದರು. “ಮದ್ವೇಲಿ ಹಾಕಿದ್ದೆಲ್ಲಾ ತಗೊಂಡ್ರಲ್ಲ ಅತ್ಗೆ, ನಾನು ಬ್ಯಾಡ ಅನ್ಲಿಲ್ಲ. ಇದು ಮದ್ವೇದಲ್ಲ. ನಿಮ್ ತಮ್ಮ ತಪ್ಪು ಮಾಡಿ ತಂದಿದ್ದು. ಅವರ ತಪ್ಪು ನನ್ ಹತ್ರಾನೇ ಇರ್ಲಿ.”

ಅಕ್ಕ ಆಕೆಯನ್ನು ತಬ್ಬಿಕೊಂಡು ಅತ್ತರು. ನಾನು ಉಳಿದೆ.

ಈಗ ನಾನೂ ಹಳಬಳು. ಆರು ಬಿಳಿ ಕಲ್ಲಿನಲ್ಲಿ ಒಂದು ಎಲ್ಲೋ ಬಿದ್ದುಹೋಗಿದೆ. ಹೊಳಪು ಕಮ್ಮಿಯಾಗಿದೆ. ನನ್ನ ಅಕ್ಕನ ಫೋಟೋ ಈಗ ಯಾವ ಫೋನಿನಲ್ಲೂ ಇರಲಾರದು. ಸರಿಯಾದ ಮೂಗಿಗೆ ಸರಿಯಾಗಿ ಹೋದ ನನ್ನ ತಂಗಿಯರೆಲ್ಲ ಎಲ್ಲಿದ್ದಾರೋ, ಯಾವ ಬೀರುವಿನಲ್ಲೋ. ತಪ್ಪಾಗಿ ಬಂದ ನನಗೆ ಮಾತ್ರ ಒಂದು ಜಾಗವನ್ನೇ ಹೊಸದಾಗಿ ಮಾಡಿಕೊಟ್ಟರು. ಕೂತು ಯೋಚಿಸಿದರೆ, ಇದಕ್ಕಿಂತ ದೊಡ್ಡ ಬಾಳು ನನಗೆ ಬೇಕಿರಲಿಲ್ಲ.

ಅಂಗಡಿ ಮುಚ್ಚಿದ ಮೇಲೆ ಅಲ್ಲಿನ ದೊಡ್ಡ ಕನ್ನಡಿಯನ್ನು ಮನೆಗೆ ತಂದು ನಡುಮನೆಯ ಗೋಡೆಗೆ ಹಾಕಿದ್ದಾರೆ. ಬೆಳಿಗ್ಗೆ ಮಿಂದು ಬಂದ ಸರ್ವಮಂಗಳಮ್ಮ ಅದರ ಮುಂದೆ ನಿಂತು ತಲೆ ಬಾಚುತ್ತಾರೆ. ಬಾಚಿ ಮುಗಿದ ಮೇಲೂ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಕನ್ನಡಿಯಲ್ಲಿ ಆಕೆಯ ಹಿಂದೆ ಯಾರೂ ಇರುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ.

“ಬಲಗಡೆನೇ ಕಣ್ರೀ,” ಎನ್ನುತ್ತಾರೆ ಆಕೆ.